ಬಸುರಿಯ ಹೊಟ್ಟೆಯಲ್ಲಿ ನೀರು ಹೆಚ್ಚಾದರೆ ಅದು ಹಣೆಬರಹವಲ್ಲ



ನಮ್ಮ ಸಭೆಗಳಲ್ಲಿ ನಾವು ಭೂಮಿಯ ಬಗ್ಗೆ ಮಾತಾಡಿದ್ದೇವೆ. ಕೂಲಿಯ ಬಗ್ಗೆ, ಮೀಸಲಾತಿಯ ಬಗ್ಗೆ, ಹೋಟೆಲಿನ ಬೇರೆ ಲೋಟದ ಬಗ್ಗೆ, ದೇವಸ್ಥಾನದ ಬಾಗಿಲಿನ ಬಗ್ಗೆ ಗಂಟಲು ಹರಿಯುವ ಹಾಗೆ ಕೂಗಿದ್ದೇವೆ. ಬಸುರಿಯ ಹೊಟ್ಟೆಯ ಬಗ್ಗೆ ಮಾತ್ರ ಒಂದು ದಿನವೂ ಬಾಯಿ ಬಿಟ್ಟಿಲ್ಲ. ಅದು ಹೆಂಗಸರ ವಿಷಯ, ಒಳಮನೆಯ ವಿಷಯ ಅಂತ ಸುಮ್ಮನಿದ್ದೆವು. ಆ ಸುಮ್ಮನಿದ್ದದ್ದಕ್ಕೆ ನಮ್ಮ ಕೇರಿ ಒಂದು ಕೂಸನ್ನು ಬೆಲೆ ತೆತ್ತಿದೆ. ಅದಕ್ಕೇ ಈ ಸಲ ನಾಚಿಕೆ ಬಿಟ್ಟು ಬರೆಯುತ್ತಿದ್ದೇವೆ. ಓದು ಬಂದವರು ಓದಿ, ಬಾರದವರಿಗೆ ಜೋರಾಗಿ ಓದಿ ಹೇಳಿ.

ನಮ್ಮ ಕೇರಿಯ ಹೆಣ್ಣುಮಗಳು. ಹೆಸರು ಬರೆಯುವುದಿಲ್ಲ. ದುಃಖ ಅವಳದು, ಕತೆ ನಮ್ಮೆಲ್ಲರದು. ಎರಡನೇ ಬಸುರು. ಆರು ತಿಂಗಳಿಗೇ ದಿನ ತುಂಬಿದವಳ ಹೊಟ್ಟೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಬೆಳಗಾದರೆ ಕಳೆ ಕೀಳಲು ಗದ್ದೆಗೆ. ಊರು ಏನಂದಿತು? "ಅವಳಿ ಇರಬೇಕು" ಅಂತ ನಕ್ಕಿತು. ಕೇರಿ ಏನಂದಿತು? "ನೀರು ಜಾಸ್ತಿ ಕುಡೀತೀಯ ಕಣೆ, ಅದಕ್ಕೇ ಹೊಟ್ಟೆ ಹಿಂಗಾಗಿದೆ, ಕಮ್ಮಿ ಮಾಡು" ಅಂದಿತು. ಉರಿಬಿಸಿಲಲ್ಲಿ ಅವಳು ಬಾಯಾರಿಕೊಂಡೇ ದುಡಿದಳು. ಅತ್ತೆ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡಿಗೆ ತೂಕ ಬರೆದರು, ಬಿ.ಪಿ. ಬರೆದರು. ಸಕ್ಕರೆ ಪರೀಕ್ಷೆಯ ಜಾಗ ಖಾಲಿ ಇತ್ತು. ಹೊಟ್ಟೆಗೆ ಟೇಪು ಹಿಡಿದು ಅಳೆಯುವ ಕೈ ಕೂಡ ಅಲ್ಲಿರಲಿಲ್ಲ.

ಕೊನೆಗೆ ಗಂಡ ಸಾಲ ಮಾಡಿ ತಾಲ್ಲೂಕಿನ ಖಾಸಗಿ ಸ್ಕ್ಯಾನಿಂಗಿಗೆ ಕರಕೊಂಡು ಹೋದ. ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಕೊಟ್ಟರು. ಅದರಲ್ಲಿ 29 ಅಂತ ಒಂದು ಅಂಕಿ ಇತ್ತು. "ನೀರು ಸ್ವಲ್ಪ ಜಾಸ್ತಿ ಇದೆ, ದೊಡ್ಡಾಸ್ಪತ್ರೆಗೆ ತೋರಿಸಿ" ಅಂದರು. ಜಾಸ್ತಿ ಅಂದರೆ ಏನು, ಯಾಕೆ ಜಾಸ್ತಿ, ತೋರಿಸದಿದ್ದರೆ ಏನಾಗುತ್ತೆ, ಒಬ್ಬರೂ ಹೇಳಲಿಲ್ಲ. ಕಾಗದ ಸೂರಿನ ಸಂದಿಗೆ ಸೇರಿತು. ಏಳೂವರೆ ತಿಂಗಳಿಗೆ ಒಂದು ರಾತ್ರಿ ನೀರು ಒಡೆಯಿತು. ಕೊಡ ಬೋರಲು ಹಾಕಿದ ಹಾಗೆ. 108ಕ್ಕೆ ಫೋನು ಮಾಡಿದೆವು. ಗಾಡಿ ಬೇರೆ ಕೇಸಿಗೆ ಹೋಗಿದೆ ಎಂದರು. ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಹೊರಟೆವು. ದಾರಿಯಲ್ಲೇ ಹೊಕ್ಕುಳಬಳ್ಳಿ ಹೊರಕ್ಕೆ ಜಾರಿತು. ಆಸ್ಪತ್ರೆ ಮುಟ್ಟುವಾಗ ಕೂಸಿನ ಎದೆ ನಿಂತಿತ್ತು. ಬಾಗಿಲಲ್ಲೇ ಕೇಳಿದ ಮಾತು: "ಇಷ್ಟು ದಿನ ಏನ್ ಮಾಡ್ತಿದ್ರಿ? ನಿಮ್ಮವರ ಹಣೆಬರಹಾನೇ ಇಷ್ಟು." ಹೆರಿಗೆ ಆದ ಮೇಲೆ ರಕ್ತ ನಿಲ್ಲಲಿಲ್ಲ. ನಮ್ಮ ಹುಡುಗರು ಸಾಲಾಗಿ ನಿಂತು ರಕ್ತ ಕೊಟ್ಟರು. ತಾಯಿ ಉಳಿದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅವತ್ತು ಮೊದಲ ಸಲ ಗೊತ್ತಾಯಿತು.

"ನಿಮ್ಮವರ ಹಣೆಬರಹ" ಎಂದರಲ್ಲ, ಆ ಮಾತು ನಮ್ಮನ್ನು ಸುಟ್ಟಿತು. ನೆಲ ಕೇಳಿದರೆ ಹಣೆಬರಹ ಅಂದರು, ಓದು ಕೇಳಿದರೆ ಹಣೆಬರಹ ಅಂದರು. ಈಗ ಗರ್ಭದ ಒಳಗೂ ಅದೇ ಹಣೆಬರಹವನ್ನು ನುಗ್ಗಿಸುತ್ತಿದ್ದಾರೆ. ಹಾಗಾದರೆ ಇದು ಬರಹವೋ ಅಲ್ಲವೋ ನೋಡಿಯೇ ಬಿಡೋಣ ಅಂತ ನಾವು ಡಾಕ್ಟರುಗಳನ್ನು ಕೇಳಿದೆವು, ನರ್ಸು ಓದಿದ ನಮ್ಮ ಮಕ್ಕಳನ್ನು ಕೇಳಿದೆವು. ತಿಳಿದದ್ದು ಇದು.

ಕೂಸು ಹೊಟ್ಟೆಯಲ್ಲಿ ಒಂದು ಚೀಲದೊಳಗೆ, ನೀರಿನಲ್ಲಿ ಇರುತ್ತದೆ. ಈ ನೀರು ತಾಯಿ ಚೊಂಬಿನಲ್ಲಿ ಕುಡಿದ ನೀರಲ್ಲ. ಬಸುರಿನ ಕೊನೆ ತಿಂಗಳುಗಳಲ್ಲಿ ಇದು ಬಹುಪಾಲು ಕೂಸಿನ ಮೂತ್ರ. ಕೂಸು ಅದನ್ನೇ ಗುಟುಕರಿಸುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಬಿಟ್ಟಷ್ಟು ನುಂಗಿದರೆ ನೀರು ಹದವಾಗಿರುತ್ತದೆ. ಎಂಟು ತಿಂಗಳ ಹೊತ್ತಿಗೆ ಇದು ಸುಮಾರು 800 ಮಿಲಿಲೀಟರ್, ಒಂದು ಲೀಟರಿಗೂ ಕಮ್ಮಿ. ಕೂಸು ಹೆಚ್ಚು ಬಿಟ್ಟು ಕಮ್ಮಿ ನುಂಗಿದರೆ ನೀರು ಏರುತ್ತದೆ. ಎರಡು ಲೀಟರು ದಾಟಿದರೆ ಅದನ್ನು ಪಾಲಿಹೈಡ್ರಾಮ್ನಿಯೋಸ್ ಎನ್ನುತ್ತಾರೆ. ಸ್ಕ್ಯಾನಿನಲ್ಲಿ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ನೀರಿನ ಆಳ ಅಳೆದು ಕೂಡಿಸುತ್ತಾರೆ. ಮೊತ್ತ 24-25 ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ನಮ್ಮ ಹೆಣ್ಣುಮಗಳ ಕಾಗದದಲ್ಲಿದ್ದ 29 ಅಂದರೆ ಇದೇ. ನೂರು ಬಸುರಿಯರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಗೌಡರ ಮನೆಯಲ್ಲೂ ಆಗುತ್ತದೆ, ಬ್ರಾಹ್ಮಣರ ಮನೆಯಲ್ಲೂ ಆಗುತ್ತದೆ. ಈ ನೀರು ಜಾತಿ ಕೇಳಿ ಏರುವುದಿಲ್ಲ.

ಯಾಕೆ ಏರುತ್ತದೆ? ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾರಣವೇ ಸಿಗುವುದಿಲ್ಲ. ಅಂಥವರಲ್ಲಿ ನೀರು ಸ್ವಲ್ಪ ಮಾತ್ರ ಹೆಚ್ಚಿದ್ದರೆ ಬಹುಪಾಲು ತಾಯಿ ಮಗು ಚೆನ್ನಾಗಿರುತ್ತಾರೆ. ಉಳಿದವರಲ್ಲಿ ಮುಖ್ಯ ಕಾರಣ ಸಕ್ಕರೆ ಕಾಯಿಲೆ. ತಾಯಿಯ ರಕ್ತದ ಸಕ್ಕರೆ ಕೂಸಿಗೆ ದಾಟುತ್ತದೆ, ಕೂಸು ಮೇಲಿಂದ ಮೇಲೆ ಮೂತ್ರ ಮಾಡುತ್ತದೆ. ಅವಳಿ ಮಕ್ಕಳಿದ್ದರೂ ಏರಬಹುದು. ಕೂಸಿನ ಅನ್ನನಾಳವೋ ಕರುಳೋ ಮುಚ್ಚಿದ್ದರೆ ಅದು ನುಂಗಲಾರದು. ಮೆದುಳು ಬೆಳೆಯದಿದ್ದರೂ ನುಂಗಲಾರದು. ತಾಯಿಯದು ನೆಗೆಟಿವ್ ರಕ್ತವಾಗಿ ಕೂಸಿನದು ಪಾಸಿಟಿವ್ ಆಗಿದ್ದು, ತಾಯಿಯ ರಕ್ತ ಕೂಸಿನ ರಕ್ತವನ್ನು ಹಾಳು ಮಾಡಿದರೆ ಕೂಸಿಗೆ ರಕ್ತಹೀನತೆಯಾಗಿ ನೀರು ಏರುತ್ತದೆ. ಇದರಲ್ಲಿ ಎಲ್ಲಿದೆ ದೃಷ್ಟಿ? ಎಲ್ಲಿದೆ ಪೂರ್ವಜನ್ಮ? ಬಸುರಿ ಒಂದು ಚೊಂಬು ನೀರು ಹೆಚ್ಚು ಕುಡಿದದ್ದು ಎಲ್ಲಿದೆ? ಬಾಯಾರಿದವಳ ಬಾಯಿಂದ ಚೊಂಬು ಕಿತ್ತುಕೊಂಡ ನಾವೇ ತಪ್ಪಿತಸ್ಥರು. 1927ರ ಮಾರ್ಚಿ 20ರಂದು ಬಾಬಾಸಾಹೇಬರು ಮಹಾಡದ ಚೌಡಾರ್ ಕೆರೆಗೆ ಇಳಿದು ನೀರು ಕುಡಿದು ತೋರಿಸಿದರು. ನಾವೋ, ನಮ್ಮ ಬಸುರಿ ಮಗಳಿಗೇ ನೀರು ಬೇಡವೆಂದೆವು.

ನೀರು ಬಹಳ ಏರಿದರೆ ಅಪಾಯವೇನು? ಗರ್ಭಕೋಶ ಮಿತಿ ಮೀರಿ ಹಿಗ್ಗುತ್ತದೆ. ತಾಯಿಗೆ ಉಸಿರಾಟ ಕಷ್ಟ. ದಿನ ತುಂಬುವ ಮುಂಚೆಯೇ ನೋವು ಬರಬಹುದು. ಕೂಸು ತಲೆ ಕೆಳಗಾಗಿ ನಿಲ್ಲದೆ ಅಡ್ಡ ತಿರುಗಬಹುದು. ನೀರು ಒಮ್ಮೆಗೇ ಒಡೆದರೆ ಹೊಕ್ಕುಳಬಳ್ಳಿ ಮುಂದೆ ಜಾರಿ, ಕೂಸಿನ ಮೈಯೇ ಅದನ್ನು ಅದುಮಿ, ನಿಮಿಷಗಳಲ್ಲಿ ಕೂಸಿನ ಉಸಿರು ಹೋಗಬಹುದು. ಮಾಸು ಮೊದಲೇ ಕಿತ್ತುಕೊಳ್ಳಬಹುದು. ಹೆರಿಗೆಯಾದ ಮೇಲೆ, ಹಿಗ್ಗಿದ ಗರ್ಭಕೋಶ ಬಿಗಿಯಾಗದೆ ರಕ್ತ ಸುರಿಯಬಹುದು. ಮೊದಲೇ ರಕ್ತ ಕಮ್ಮಿ ಇರುವ ಹೆಂಗಸಿಗೆ ಇದು ಸಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ. ಈಗ ತಿಳಿಯಿತೆ, ಜಾತಿ ಎಲ್ಲಿ ಬಂದು ಸೇರುತ್ತದೆ ಅಂತ? ನೀರು ಎಲ್ಲರಿಗೂ ಏರುತ್ತದೆ. ಆದರೆ ಉಳ್ಳವರ ಮನೆಯ ಸೊಸೆಗೆ ಮೂರನೇ ತಿಂಗಳಿಗೇ ಸಕ್ಕರೆ ನೋಡಿರುತ್ತಾರೆ, ಐದನೇ ತಿಂಗಳಿಗೆ ಸ್ಕ್ಯಾನು ಆಗಿರುತ್ತದೆ, ಬಾಗಿಲಲ್ಲಿ ಕಾರು ನಿಂತಿರುತ್ತದೆ. ನಮ್ಮ ಹೆಣ್ಣು ಗದ್ದೆಯಲ್ಲಿ ಬಗ್ಗಿರುತ್ತಾಳೆ. ಕಾಯಿಲೆ ಒಂದೇ. ಅದು ಅಲ್ಲಿ ಚಿಕಿತ್ಸೆ, ಇಲ್ಲಿ ಹಣೆಬರಹ.

2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಒಂದು ವರದಿ ಕೊಟ್ಟಿತು. ಈ ದೇಶದ ದಲಿತ ಹೆಂಗಸು ಮೇಲ್ಜಾತಿಯ ಹೆಂಗಸಿಗಿಂತ ಸರಾಸರಿ 14.6 ವರ್ಷ ಮುಂಚೆ ಸಾಯುತ್ತಾಳೆ ಎಂದಿತು. ಹದಿನಾಲ್ಕೂವರೆ ವರ್ಷ! ಯಾರು ಕದ್ದರು ಈ ವರ್ಷಗಳನ್ನು? ಲಕ್ಷ ಹೆರಿಗೆಗೆ ಎಷ್ಟು ತಾಯಂದಿರು ಸತ್ತರು ಅನ್ನುವ 2018-20ರ ಲೆಕ್ಕದಲ್ಲಿ ಕೇರಳ 19, ತೆಲಂಗಾಣ 43, ಆಂಧ್ರ 45, ತಮಿಳುನಾಡು 54, ನಮ್ಮ ಕರ್ನಾಟಕ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಮುಂದೆ! ಐಟಿ ಬಿಟಿ ಅಂತ ಎದೆ ತಟ್ಟಿಕೊಳ್ಳುವವರು ಈ 69ನ್ನೂ ಒಂದು ಬೋರ್ಡಿನ ಮೇಲೆ ಬರೆದು ವಿಧಾನಸೌಧದ ಮುಂದೆ ನಿಲ್ಲಿಸಲಿ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 1928ರಲ್ಲೇ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಎದ್ದು ನಿಂತರು. ಹೆರಿಗೆಗೆ ಮುಂಚೆ, ಹೆರಿಗೆಯ ನಂತರ ತಾಯಿಗೆ ವಿಶ್ರಾಂತಿ ಕೊಡುವುದು ದೇಶದ ಹಿತವೇ ಎಂದು ವಾದ ಮಾಡಿದರು. 1929ರಲ್ಲಿ ಅದು ಕಾಯಿದೆಯಾಯಿತು, ಕಾರ್ಖಾನೆಯ ಹೆಂಗಸರಿಗೆ. 2017ರಲ್ಲಿ ಸಂಬಳದ ಹೆಂಗಸರಿಗೆ 26 ವಾರ ರಜೆ ಮಾಡಿದರು. ಒಳ್ಳೆಯದು. ಕಳೆ ಕೀಳುವವಳಿಗೆ ಎಷ್ಟು ವಾರ? ಕಬ್ಬು ಕಡಿಯುವವಳಿಗೆ ಎಷ್ಟು? ಕಸ ಗುಡಿಸುವವಳಿಗೆ ಎಷ್ಟು? 2013ರ ಆಹಾರ ಭದ್ರತಾ ಕಾಯಿದೆ ಸರ್ಕಾರಿ ನೌಕರಿಯಲ್ಲಿ ಇಲ್ಲದ ಪ್ರತಿ ಬಸುರಿಗೂ 6000 ರೂಪಾಯಿಗೆ ಕಮ್ಮಿಯಿಲ್ಲದ ಹಣ ಕೊಡಬೇಕು ಎಂದಿತು. 2017ರಲ್ಲಿ ಯೋಜನೆ ಬಂದಾಗ ಅದು 5000 ಆಯಿತು, ಅದೂ ಮೊದಲ ಕೂಸಿಗೆ ಮಾತ್ರ. 2022ರಿಂದ ಎರಡನೆಯದು ಹೆಣ್ಣಾದರೆ ಕೊಡುತ್ತೇವೆ ಎಂದರು. ಪಾರ್ಲಿಮೆಂಟು ಬರೆದ "ಪ್ರತಿ" ಅನ್ನುವ ಮಾತನ್ನು ಕಚೇರಿಯ ಪೆನ್ನು ಕತ್ತರಿಸಿತು. ಇದಕ್ಕೆ ನಾವು ಕಳ್ಳತನ ಅನ್ನಬೇಕೋ, ಯೋಜನೆ ಅನ್ನಬೇಕೋ?

ಆದರೂ ಇರುವ ಹಕ್ಕನ್ನು ಬಿಡಬಾರದು. 2011ರ ಜೂನಿನಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಮನೆಗೆ ಗಾಡಿ, ಎಲ್ಲವೂ ಪುಕ್ಕಟೆ ಅಂತ ಅದರಲ್ಲಿ ಬರೆದಿದೆ. ಭಿಕ್ಷೆ ಅಲ್ಲ, ಹಕ್ಕು. 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರನ್ನು ಡಾಕ್ಟರೇ ನೋಡಬೇಕು, ಅಪಾಯದ ಬಸುರಿ ಯಾವುದು ಅಂತ ಗುರುತು ಹಾಕಬೇಕು. ಸಕ್ಕರೆ ಪರೀಕ್ಷೆಗೆ ಬರಿಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಮುಟ್ಟಿದರೆ ಬಸುರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಒಮ್ಮೆ, ಆರು ಏಳನೇ ತಿಂಗಳಲ್ಲಿ, ಅಂದರೆ 24ರಿಂದ 28 ವಾರದೊಳಗೆ, ಮತ್ತೊಮ್ಮೆ. ತಾಯಿ ಕಾರ್ಡಿನಲ್ಲಿ ಆ ಜಾಗ ಖಾಲಿ ಇದ್ದರೆ ಎದ್ದು ಬರಬೇಡಿ. "ಬರೀರಿ ಮೇಡಂ" ಅಂತ ಕೂತುಕೊಳ್ಳಿ.

ಹೀಗೆ ಕೂತುಕೊಂಡದ್ದರ ಫಲವನ್ನೂ ಹೇಳಬೇಕು. ಮರುವರ್ಷ ಅದೇ ಕೇರಿಯ ಇನ್ನೊಬ್ಬ ಹೆಣ್ಣುಮಗಳಿಗೆ ಹೊಟ್ಟೆ ಹಾಗೇ ಏರಿತು. ಈ ಸಲ ಕೇರಿಯ ಹೆಂಗಸರು ಹರಕೆಗೆ ಕಾಯಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕರಕೊಂಡು 9ನೇ ತಾರೀಕು ಎಂಟು ಜನ ಒಟ್ಟಿಗೆ ಹೋದರು. ಸಕ್ಕರೆ ಸಿಕ್ಕಿತು. ಅನ್ನ ಮುದ್ದೆಯ ಅಳತೆ ಹೇಳಿದರು, ಇನ್ಸುಲಿನ್ ಶುರು ಮಾಡಿದರು. ವಾರ ಬಿಟ್ಟು ವಾರ ನೀರು ಅಳೆದರು. ಉಸಿರು ಕಟ್ಟಿದಾಗ ಜಿಲ್ಲಾಸ್ಪತ್ರೆಗೆ ಸೇರಿಸಿಕೊಂಡರು. ಹೆರಿಗೆಗೆ ಮೊದಲೇ ರಕ್ತ ಇಟ್ಟುಕೊಂಡಿದ್ದರು. ಈಗ ಆ ಕೂಸು ಅಂಬೆಗಾಲಿಟ್ಟು ನಮ್ಮ ಸಂಘದ ಜಗಲಿಯನ್ನು ಹತ್ತಿ ಇಳಿಯುತ್ತಿದೆ. ಎರಡು ಬಸುರು, ಒಂದೇ ಕೇರಿ, ಒಂದೇ ಕಾಯಿಲೆ. ಬ್ರಹ್ಮನ ಬರಹವಾಗಿದ್ದರೆ ಒಂದು ಪರೀಕ್ಷೆಗೆ ಅಳಿಸಿ ಹೋಗುತ್ತಿತ್ತೆ?

ಆದ್ದರಿಂದ ತಾಯಂದಿರೇ, ಅತ್ತೆಯಂದಿರೇ, ಈ ಮಾತುಗಳನ್ನು ಗಂಟು ಹಾಕಿಕೊಳ್ಳಿ.

ತಿಂಗಳಿಗೆ ಮೀರಿ ಹೊಟ್ಟೆ ಬೆಳೆದರೆ, ಅದರಲ್ಲೂ ಕೆಲವೇ ದಿನದಲ್ಲಿ ಬಿಗಿದುಕೊಂಡರೆ, ತೋರಿಸಿ. ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ಅದರಿಂದ ಒಳಗಿನ ನೀರು ಇಳಿಯುವುದಿಲ್ಲ. ನೀರು ಇಳಿಸುವ ಮಾತ್ರೆ, ಬೇರು, ಕಷಾಯ ಯಾರು ಕೊಟ್ಟರೂ ಬೇಡ. ಅಂಗಾತ ಮಲಗಬೇಡಿ. ಎಡಮಗ್ಗುಲಿಗೆ, ತಲೆ ಎದೆ ಎತ್ತರಿಸಿ ಮಲಗಿ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ಸ್ವಲ್ಪ ಸ್ವಲ್ಪವೇ ನಾಲ್ಕೈದು ಸಲ ಉಣ್ಣಿ. ಕಬ್ಬಿಣದ ಮಾತ್ರೆ ಬಿಡಬೇಡಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಾಗುವ ಮೊದಲಿಂದಲೇ ನುಂಗಿದರೆ ಕೂಸಿನ ಮೆದುಳು, ಬೆನ್ನುಹುರಿಯ ಊನ ಕಮ್ಮಿಯಾಗುತ್ತದೆ. ನೆಗೆಟಿವ್ ರಕ್ತದವರು ಆಂಟಿ-ಡಿ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ. ಉಸಿರೇ ಆಡದಷ್ಟು ನೀರಾದರೆ ದೊಡ್ಡಾಸ್ಪತ್ರೆಯಲ್ಲಿ ಸೂಜಿಯಿಂದ ಸ್ವಲ್ಪ ತೆಗೆಯುತ್ತಾರೆ. ಅದು ಮತ್ತೆ ತುಂಬಬಹುದು, ಹೆದರಬೇಡಿ, ಮತ್ತೆ ಹೋಗಿ. ದಿನಕ್ಕೆ ಮುಂಚೆ ಹೆರಿಗೆಯಾಗುವ ಸೂಚನೆ ಇದ್ದರೆ ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಹೊತ್ತಿಗೆ ಹೋದವರಿಗೆ ಮಾತ್ರ ಅದು ದಕ್ಕುತ್ತದೆ.

ಕೂಸು ಆಡುವುದು ಕಮ್ಮಿಯಾದರೆ, ರಕ್ತ ಕಂಡರೆ, ಹೊಟ್ಟೆ ಕಲ್ಲಾಗಿ ನೋವು ಬಂದರೆ, ನೀರು ಒಡೆದರೆ, ಬೆಳಗಾಗಲಿ ಅನ್ನಬೇಡಿ. ನೀರು ಒಡೆದವಳನ್ನು ನಡೆಸಬೇಡಿ. ಮಲಗಿಸಿ, ಸೊಂಟದ ಕೆಳಗೆ ಬಟ್ಟೆ ಇಟ್ಟು ಎತ್ತರ ಮಾಡಿ. ಬಳ್ಳಿ ಹೊರಗೆ ಕಂಡರೆ ಅದನ್ನು ಎಳೆಯಬೇಡಿ, ಒಳಗೆ ತುರುಕಬೇಡಿ. ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಮಾಡಿಸಿ ಗಾಡಿ ಹಿಡಿಯಿರಿ. ಇಷ್ಟು ನಮಗೆ ಆ ರಾತ್ರಿ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಕೂಸು ಉಳಿಯುತ್ತಿತ್ತೋ ಏನೋ. ಗೊತ್ತಿಲ್ಲದ ಹಾಗೆ ನಮ್ಮನ್ನು ಇಟ್ಟವರು ಯಾರು ಅನ್ನುವುದಂತೂ ಗೊತ್ತು.

ಐದನೇ ತಿಂಗಳ ಸ್ಕ್ಯಾನು ಗಂಡೋ ಹೆಣ್ಣೋ ನೋಡಲಿಕ್ಕಲ್ಲ. ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ. ಅದು ಕೂಸಿನ ಅಂಗಾಂಗ ನೋಡಲಿಕ್ಕೆ. ಅನ್ನನಾಳ ಮುಚ್ಚಿದ ಕೂಸನ್ನು ಆಪರೇಷನ್ನಿನಿಂದ ಉಳಿಸಬಹುದು, ಮೊದಲೇ ತಿಳಿದು ಅಂಥ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಅಷ್ಟೆ. ಉಳಿಯಲಾರದಂಥ ದೊಡ್ಡ ಊನವಿದ್ದರೆ, 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಒಪ್ಪಿದರೆ ಬಸುರು ತೆಗೆಸಬಹುದು. ತೆಗೆಸುವುದೋ ಇಟ್ಟುಕೊಳ್ಳುವುದೋ, ಹೊತ್ತವಳ ಮಾತೇ ಕೊನೆಯ ಮಾತು. ಗಂಡನದಲ್ಲ, ಅತ್ತೆಯದಲ್ಲ, ಪೂಜಾರಿಯದಂತೂ ಅಲ್ಲವೇ ಅಲ್ಲ.

ಇನ್ನು ನಮ್ಮ ಗಂಡಸು ಗೆಳೆಯರಿಗೆ ಒಂದು ಮಾತು. ಸಿಟ್ಟು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಓದಿ. ವೇದಿಕೆ ಮೇಲೆ ಮನುವಿಗೆ ಬೆಂಕಿ ಇಡುತ್ತೀರಿ. ಮನೆಗೆ ಬಂದು ತುಂಬು ಬಸುರಿಯ ಕೈಲಿ ನಾಲ್ಕು ಕೊಡ ನೀರು ಹೊರಿಸುತ್ತೀರಿ. ಅಂಬೇಡ್ಕರ್ ಜಯಂತಿಗೆ ಚಂದಾ ಎತ್ತುತ್ತೀರಿ, ಆಸ್ಪತ್ರೆಗೆ ಹೋಗೋಣ ಅಂದರೆ ಕೂಲಿ ಹೋಗುತ್ತೆ ಅನ್ನುತ್ತೀರಿ. ಮನು ಸಂಸ್ಕೃತದ ಪುಸ್ತಕದಲ್ಲಿ ಮಾತ್ರ ಇಲ್ಲ ಗೆಳೆಯರೇ, ನಮ್ಮ ಒಲೆಯ ಮುಂದೆಯೂ ಕಾಲು ಚಾಚಿ ಕೂತಿದ್ದಾನೆ. ಅವನನ್ನು ಅಲ್ಲಿಂದ ಎಬ್ಬಿಸದೆ ಊರ ಗೌಡನನ್ನು ಎಬ್ಬಿಸಲಾಗದು.

ನಮ್ಮ ಒತ್ತಾಯ ಇಷ್ಟು:

1. ಪ್ರತಿ ಆರೋಗ್ಯ ಕೇಂದ್ರದಲ್ಲಿ ಪ್ರತಿ ಬಸುರಿಗೂ ಎರಡು ಸಲ ಸಕ್ಕರೆ ಪರೀಕ್ಷೆ ಆಗಬೇಕು, ಪ್ರತಿ ಭೇಟಿಯಲ್ಲೂ ಹೊಟ್ಟೆ ಅಳೆಯಬೇಕು, ಕಾರ್ಡಿನಲ್ಲಿ ಬರೆಯಬೇಕು.

2. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇರಬೇಕು, ಯಂತ್ರದ ಜೊತೆಗೆ ಅದನ್ನು ನಡೆಸುವ ಡಾಕ್ಟರೂ ಇರಬೇಕು. ವರದಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು.

3. ಅಪಾಯದ ಬಸುರಿ ಎಂದು ಗುರುತಾದವಳಿಗೆ, ಅವಳು ಹೊಲದ ಕೂಲಿಯಾದರೂ ಸರಿ, ದುಡಿಯದ ದಿನಗಳ ಕೂಲಿಯನ್ನು ಸರ್ಕಾರ ಕೊಡಬೇಕು. 6000 ರೂಪಾಯಿ ಪ್ರತಿ ಬಸುರಿಗೂ, ಎಷ್ಟನೇ ಕೂಸಾದರೂ, ಸಲ್ಲಬೇಕು.

4. ಸತ್ತ ಪ್ರತಿ ತಾಯಿಯ, ಸತ್ತ ಪ್ರತಿ ಕೂಸಿನ ಲೆಕ್ಕವನ್ನು ಜಾತಿವಾರು ಹೊರಗಿಡಬೇಕು. ಮುಚ್ಚಿಟ್ಟ ಲೆಕ್ಕ ಕೊಲೆಯ ಸಾಕ್ಷಿ.

5. ಹೆರಿಗೆ ಕೋಣೆಯಲ್ಲಿ ಜಾತಿ ಎತ್ತಿ ಬೈದವರ ಮೇಲೆ 1989ರ ದೌರ್ಜನ್ಯ ತಡೆ ಕಾಯಿದೆಯಡಿ ಕೇಸು ಹಾಕಬೇಕು.

ಬರುವ 9ನೇ ತಾರೀಕು ಬೆಳಿಗ್ಗೆ ಪ್ರತಿ ಕೇರಿಯಿಂದ ಬಸುರಿಯರು ಒಟ್ಟಾಗಿ ಆರೋಗ್ಯ ಕೇಂದ್ರಕ್ಕೆ ಹೊರಡಲಿ. ಒಬ್ಬೊಬ್ಬರೇ ಹೋದರೆ "ಆಮೇಲೆ ಬಾ" ಅಂತಾರೆ. ಇಪ್ಪತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಕೈಯಲ್ಲಿ ತಾಯಿ ಕಾರ್ಡು ಇರಲಿ, ಕುಡಿಯಲು ನೀರಿನ ಬಾಟಲಿ ಇರಲಿ. ಅವತ್ತು ಗಂಡಸರು ಕೂಲಿ ಬಿಟ್ಟು ಮನೆಯ ಮಕ್ಕಳನ್ನು ನೋಡಿಕೊಳ್ಳಲಿ, ಇಲ್ಲವೇ ಜೊತೆಗೆ ಬಂದು ಸಾಲಿನಲ್ಲಿ ನಿಲ್ಲಲಿ.

ಆ ಟೆಂಪೋದಲ್ಲಿ ಸತ್ತ ಕೂಸಿಗೆ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದೆ ಸಾಯುವ ಕೂಸು ಅದೇ ಕೊನೆಯದಾಗಲಿ.

ಜೈಭೀಮ್!